ಕೆಂಡಕ್ಕಿಲ್ಲದ ಮೈಲಿಗೆ ಕೊಳವೆಗೆ ಬಂದದ್ದು ಹೇಗೆ?

ಹುಕ್ಕಾ ಅಂದಕೂಡಲೆ ನಮ್ಮ ಕಣ್ಣ ಮುಂದೆ ಏನು ಬರುತ್ತೆ? ದಿಂಬಿಗೆ ಒರಗಿದ ಒಬ್ಬ ನವಾಬ. ಬಾಯಲ್ಲಿ ಹಾವಿನಂಥ ಉದ್ದನೆ ಕೊಳವೆ. ಮೂಗಿನಿಂದ ಹೊಗೆ. ಚಿತ್ರ ಬರೆದವರು, ಸಿನಿಮಾ ತೆಗೆದವರು, ಪಠ್ಯಪುಸ್ತಕ ಬರೆದವರು ಎಲ್ಲರೂ ನಮಗೆ ತೋರಿಸಿದ್ದು ಹೊಗೆ ಬಿಡುವವನನ್ನು. ಆದರೆ ಆ ಹೊಗೆ ಹುಟ್ಟಬೇಕಾದರೆ ಚಿಲುಮೆಯ ನೆತ್ತಿಯ ಮೇಲೆ ಒಂದು ಕೆಂಡ ಕೂರಬೇಕು. ಆ ಕೆಂಡ ಹಚ್ಚಿದವರು ಯಾರು? ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡವರು ಯಾರು? ಅದರ ಇದ್ದಿಲನ್ನು ಮಣ್ಣು ಮುಚ್ಚಿ ಸುಟ್ಟವರು ಯಾರು? ಈ ಪ್ರಶ್ನೆ ಕೇಳಿದರೆ ಇತಿಹಾಸದ ಪುಸ್ತಕಗಳು ಒಂದು ಸಲ ಕೆಮ್ಮಿ ಸುಮ್ಮನಾಗುತ್ತವೆ. ನಾವು ಇಲ್ಲಿ ಹೊಗೆಯ ಚರಿತ್ರೆ ಬರೆಯಲು ಹೊರಟಿಲ್ಲ. ಕೆಂಡದ ಚರಿತ್ರೆ ಕೇಳಲು ಹೊರಟಿದ್ದೇವೆ.

ಹುಕ್ಕಾಕ್ಕೆ ನಮ್ಮ ಕಡೆ ಗುಡುಗುಡಿ ಅಂತಾರೆ. ಒಳಗಿನ ನೀರು ಮಾಡೋ ಸದ್ದೇ ಅದರ ಹೆಸರು. ಕೆಳಗೆ ನೀರಿನ ಬುಂಡೆ, ಮೇಲೆ ನೆಟ್ಟನೆ ನಿಂತ ಒಂದು ನಳಿಗೆ, ಅದರ ತುದಿಗೆ ಮಣ್ಣಿನ ಚಿಲುಮೆ. ಚಿಲುಮೆಯಲ್ಲಿ ತಂಬಾಕು, ತಂಬಾಕಿನ ಮೇಲೆ ಕೆಂಡ. ಪಕ್ಕದ ಕೊಳವೆಯಲ್ಲಿ ಉಸಿರೆಳೆದರೆ ಹೊಗೆ ನೀರಿನೊಳಗೆ ಇಳಿದು ಬಾಯಿಗೆ ಬರುತ್ತೆ. ಯಂತ್ರ ಇಷ್ಟೆ. ಕಷ್ಟ ಇರೋದು ಕೆಂಡದಲ್ಲಿ.

ಇವತ್ತು ಪಟ್ಟಣದ ಅಂಗಡಿಯಲ್ಲಿ ಎರಡು ಥರದ ಇದ್ದಿಲು ಸಿಗುತ್ತೆ. ಒಂದಕ್ಕೆ ಪೆಟ್ಲುಪ್ಪಿನಂಥ ವಸ್ತು ಬೆರೆಸಿರುತ್ತಾರೆ. ಬೆಂಕಿಕಡ್ಡಿ ಗೀರಿದರೆ ಸಾಕು, ಚಿಟಪಟ ಅಂತ ಹತ್ತಿಕೊಳ್ಳುತ್ತೆ. ಇನ್ನೊಂದು ಏನೂ ಬೆರೆಸದ ಇದ್ದಿಲು. ಮರದ್ದೋ ತೆಂಗಿನ ಕರಟದ್ದೋ ಆಗಿರುತ್ತೆ. ಇದು ಬೆಂಕಿಕಡ್ಡಿಗೆ ಜಗ್ಗೋದಿಲ್ಲ. ಉರಿಯುವ ಒಲೆಯ ಮೇಲೋ ಅಗ್ಗಿಷ್ಟಿಕೆಯಲ್ಲೋ ಇಟ್ಟು ಹತ್ತು ನಿಮಿಷ ಕಾಯಬೇಕು. ಚಿಮಟದಲ್ಲಿ ಹಿಡಿದು ಮಗ್ಗುಲು ಬದಲಾಯಿಸಬೇಕು. ಒಂದು ಮೂಲೆ ಕಪ್ಪಾಗಿ ಉಳಿದರೂ ಹಸಿ ಹೊಗೆ ಬಂದು ಸೇದುವವನ ತಲೆ ಹಿಡಿಯುತ್ತೆ. ಸುತ್ತ ಕೆಂಪಾಗಿ, ಮೈಮೇಲೆ ತೆಳ್ಳಗೆ ಬೂದಿ ಕೂತ ಮೇಲೆ ಅದನ್ನು ಚಿಲುಮೆಗೆ ಇಡಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಮೊದಲ ಕೆಂಡ ಸೊರಗುವ ಹೊತ್ತಿಗೆ ಎರಡನೆಯದು ತಯಾರಿರಬೇಕು. ಬೂದಿ ಕೊಡವಬೇಕು. ಒಬ್ಬ ಆರಾಮಾಗಿ ಕೂತು ಸೇದಬೇಕಾದರೆ ಇನ್ನೊಬ್ಬ ಅಷ್ಟೂ ಹೊತ್ತು ಬೆಂಕಿ ಕಾಯಬೇಕು. ಇದು ಹುಕ್ಕಾದ ಅರ್ಥಶಾಸ್ತ್ರ.

ಈ ಚರಿತ್ರೆಯ ಒಂದು ತುದಿ ನಮ್ಮ ಬಿಜಾಪುರದಲ್ಲೇ ಇದೆ. ತಂಬಾಕು ಈ ನಾಡಿನ ಗಿಡ ಅಲ್ಲ. ಅಮೆರಿಕಾದ್ದು. ಪೋರ್ಚುಗೀಸರ ಹಡಗು ಹತ್ತಿ ಪಡುವಣ ಕರಾವಳಿಗೆ ಬಂತು, ಅಲ್ಲಿಂದ ದಖ್ಖನ್ನಿಗೆ ಹತ್ತಿತು. ಅಕ್ಬರ್ ಬಾದಶಹನ ದೂತ ಅಸದ್ ಬೇಗ್, ಇಮ್ಮಡಿ ಇಬ್ರಾಹಿಂ ಆದಿಲ್‌ಶಹನ ಆಸ್ಥಾನಕ್ಕೆ ಬಂದವನು, 1604ರ ಸುಮಾರಿಗೆ ಬಿಜಾಪುರದಿಂದ ವಾಪಸು ಹೋಗುವಾಗ ತಂಬಾಕನ್ನು ಕೊಂಡೊಯ್ದ. ಉತ್ತರದಲ್ಲಿ ತಾನು ಅಂಥದ್ದನ್ನು ಕಂಡಿರಲಿಲ್ಲ ಅಂತ ಅವನೇ ಬರೆದಿಟ್ಟಿದ್ದಾನೆ. ಬಾದಶಹನ ಮುಂದೆ ಬೆಳ್ಳಿ ತಟ್ಟೆಯಲ್ಲಿಟ್ಟು ಕಾಣಿಕೆ ಕೊಟ್ಟ. ಕೊಳವೆಗೆ ರತ್ನ, ಬಾಯಿಡುವ ತುದಿಗೆ ಯೆಮನ್ ದೇಶದ ಕಲ್ಲು. ಬೆಂಕಿ ಹಚ್ಚಲಿಕ್ಕೆ ಬಂಗಾರದ ಒಂದು ಪಾತ್ರೆ! ಕೊಳವೆ ಎಷ್ಟು ಮೊಳ ಉದ್ದ, ಕಲ್ಲು ಯಾವ ಆಕಾರ, ಎಲ್ಲವನ್ನೂ ಆ ಪುಣ್ಯಾತ್ಮ ಲೆಕ್ಕ ಇಟ್ಟಿದ್ದಾನೆ. ಅಕ್ಬರ್ ಒಂದೆರಡು ದಮ್ಮು ಎಳೆದ, ಹಕೀಮರು ಬೇಡ ಅಂದರು, ಅಮೀರರು ತಮಗೂ ಬೇಕು ಅಂದರು. ಮುಂದೆ 1617ರಲ್ಲಿ ಜಹಾಂಗೀರ್ ತಂಬಾಕು ಸೇದಬಾರದು ಅಂತ ಅಪ್ಪಣೆ ಹೊರಡಿಸಿದ. ಯಾರು ಕೇಳಿದರು? ಹೊಗೆ ಅರಮನೆ ಬಿಟ್ಟು ಹಳ್ಳಿ ಸೇರಿತು.

ಹೊಗೆಯನ್ನು ನೀರಿನಲ್ಲಿ ಹಾಯಿಸುವ ಉಪಾಯ ಕಂಡುಹಿಡಿದದ್ದು ಅಕ್ಬರನ ಆಸ್ಥಾನದ ಹಕೀಮ್ ಅಬುಲ್ ಫತೇಹ್ ಗೀಲಾನಿ ಅಂತ ಒಂದು ಕಥೆ ಓಡಾಡುತ್ತೆ. ಗೀಲಾನಿ ಸತ್ತದ್ದು 1589ರಲ್ಲಿ. ತಂಬಾಕು ಆಸ್ಥಾನಕ್ಕೆ ಹೊಸದಾಗಿ ಬಂತು ಅಂತ ಅಸದ್ ಬೇಗ್ ಹೇಳುವುದು ಅದಕ್ಕಿಂತ ಹದಿನೈದು ವರ್ಷದ ಆಮೇಲಿನ ಮಾತು. ಹೀಗಿದ್ದೂ ಕಥೆ ಬದುಕಿದೆ. ಯಾಕೆಂದರೆ ನಮ್ಮ ಇತಿಹಾಸಕ್ಕೆ ಒಬ್ಬ ದೊಡ್ಡ ಮನುಷ್ಯನ ಹೆಸರು ಸಿಕ್ಕರೆ ಸಮಾಧಾನ. ಬಂಗಾರದ ಪಾತ್ರೆಯಲ್ಲಿ ಕೆಂಡ ಇಟ್ಟ ಕೈಗೆ ಹೆಸರಿಲ್ಲ. ಅದನ್ನು ಕೇಳಿದವರೂ ಇಲ್ಲ.

ಹೆಸರಿಲ್ಲದಿದ್ದರೂ ಆ ಕೈಗೊಂದು ಹುದ್ದೆ ಸಿಕ್ಕಿತು. ಹುಕ್ಕಾಬರದಾರ. ಅಂದರೆ ಹುಕ್ಕಾ ಹೊರುವವನು. ಕಂಪನಿ ಸರ್ಕಾರದ ದೊರೆಗಳು ಕಲ್ಕತ್ತಾದಲ್ಲಿ ನವಾಬರ ಚಟ ಕಲಿತಾಗ ಪ್ರತಿಯೊಬ್ಬನ ಹಿಂದೆ ಒಬ್ಬ ಹುಕ್ಕಾಬರದಾರ ನಿಂತ. 1779ರಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳ ಮನೆಯ ಔತಣಕ್ಕೆ ಹೋದ ಆಮಂತ್ರಣದಲ್ಲಿ ಒಂದು ಸೂಚನೆ ಇತ್ತು. ಹುಕ್ಕಾಬರದಾರನನ್ನು ಬಿಟ್ಟು ಬೇರೆ ಆಳುಗಳನ್ನು ಕರೆತರಬೇಡಿ ಅಂತ. ನೋಡಿ, ಎಲ್ಲ ಆಳುಗಳನ್ನೂ ಬಿಟ್ಟು ಬರಬಹುದಿತ್ತು, ಬೆಂಕಿ ಕಾಯುವವನನ್ನು ಮಾತ್ರ ಬಿಡುವಂತಿರಲಿಲ್ಲ. ಇದ್ದಿಲಿನ ಪುಡಿಗೆ ಅಕ್ಕಿ ಗಂಜಿ ಕಲಸಿ ಉಂಡೆ ಕಟ್ಟಿ ಒಣಗಿಸಿ, ಅದನ್ನು ಕೆಂಪಗೆ ಕಾಯಿಸಿ, ದೊರೆಯ ಬೆನ್ನ ಹಿಂದೆ ನಿಂತು ಊದೋದು ಅವನ ಕೆಲಸ. ಗಂಜಿ ಹೊಟ್ಟೆಗೆ ಸಾಲದ ದೇಶದಲ್ಲಿ ಗಂಜಿ ಇದ್ದಿಲಿಗೂ ಹೋಯಿತು.

ಇತ್ತ ನಮ್ಮ ಬೀದರಿನಲ್ಲಿ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂರಿಸಿ, ಹಳೆ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿ ಹುಕ್ಕಾ ಬುಂಡೆಗಳನ್ನು ಮಾಡಿದರು. ಆ ಬುಂಡೆಗಳು ಇವತ್ತು ಲಂಡನ್ನು, ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂತಿವೆ. ಪಕ್ಕದ ಚೀಟಿಯಲ್ಲಿ ಬೀದರ್ ಅಂತ ಬರೆದಿರುತ್ತೆ, ಶತಮಾನ ಬರೆದಿರುತ್ತೆ. ಎರಕ ಹೊಯ್ದವನ ಹೆಸರು ಅಲ್ಲೂ ಸಿಗೋದು ಅಪರೂಪ.

ಇನ್ನು ಅರಮನೆ ಬಿಟ್ಟು ಹಳ್ಳಿಗೆ ಬರೋಣ. ಹರಿಯಾಣ, ಪಂಜಾಬ್, ಪಶ್ಚಿಮ ಉತ್ತರ ಪ್ರದೇಶ, ರಾಜಸ್ಥಾನದ ಹಳ್ಳಿಗಳಲ್ಲಿ ಚೌಪಾಲ್ ಅಂತ ಇರುತ್ತೆ. ನಮ್ಮ ಊರಿನ ಚಾವಡಿ ಇದ್ದ ಹಾಗೆ. ಅಲ್ಲಿ ಸುತ್ತ ಕೂತು ಒಂದೇ ಹುಕ್ಕಾ ಕೈಯಿಂದ ಕೈಗೆ ದಾಟಿಸುತ್ತ ನ್ಯಾಯ ಹೇಳುತ್ತಾರೆ. ‘ನೋಡ್ರಯ್ಯಾ, ಎಂಥ ಸಮಾನತೆ’ ಅಂತ ಹೊಗಳಿದ ಪಂಡಿತರಿದ್ದಾರೆ. ಹೌದು, ಸಮಾನತೆಯೇ. ಆದರೆ ಯಾರಿಗೆ? ಸೇದುವವರ ಎಂಜಲು ತಾಗುವುದು ಕೊಳವೆಗೆ. ಎಂಜಲು ಹಂಚಿಕೊಂಡವರು ಒಂದೇ ಕುಲ. ಸ್ವಲ್ಪ ಆಚೆಯ ಜಾತಿಯವನು ಬಂದರೆ ಕೊಳವೆ ಕಿತ್ತು, ಚಿಲುಮೆಯನ್ನಷ್ಟೇ ಕೊಟ್ಟು, ಮುಷ್ಟಿ ಕಟ್ಟಿ ಸೇದು ಅನ್ನುತ್ತಿದ್ದರು. ಇನ್ನೂ ಆಚೆಯವನಿಗೆ ಚಿಲುಮೆಯೂ ಇಲ್ಲ. ಹೆಂಗಸರಿಗಂತೂ ಆ ಕಟ್ಟೆಯೇ ಇಲ್ಲ. ಚಿಲುಮೆಗೆ ಕೆಂಡವಾಗುವ ಬೆರಣಿಯನ್ನು ಸಗಣಿ ಕಲಸಿ ತಟ್ಟಿದವಳು ಅವಳೇ.

ಡೆಂಜಿಲ್ ಇಬೆಟ್ಸನ್ ಅನ್ನೋ ಬ್ರಿಟಿಷ್ ಅಧಿಕಾರಿ ಪಾಣಿಪತ್, ಕರ್ನಾಲ್ ಕಡೆಯ ಭೂಕಂದಾಯದ ವರದಿ ಬರೆದ. 1883ರಲ್ಲಿ ಅಚ್ಚಾದ ಆ ವರದಿಯಲ್ಲಿ ಕಂದಾಯದ ಲೆಕ್ಕದ ನಡುವೆ ಅವನೊಂದು ವಿಷಯ ದಾಖಲಿಸಿದ್ದಾನೆ. ಹೊಲದಲ್ಲೋ ಚಾವಡಿಯಲ್ಲೋ ಬಿಟ್ಟುಹೋದ ಹುಕ್ಕಾ ಯಾವ ಜಾತಿಯದು ಅಂತ ಗೊತ್ತಾಗಲು ಅದರ ನಳಿಗೆಗೆ ಗುರುತು ಕಟ್ಟುತ್ತಿದ್ದರಂತೆ. ಹಿಂದೂ, ಮುಸ್ಲಿಮರ ಹುಕ್ಕಾಗಳಿಗೆ ಬೇರೆ ಬೇರೆ ಬಣ್ಣದ ಬಟ್ಟೆ ಚೂರು. ಚಮಾರರ ಹುಕ್ಕಾಕ್ಕೆ ಚರ್ಮದ ತುಂಡು. ಜಾಡಮಾಲಿಯ ಹುಕ್ಕಾಕ್ಕೆ ಬರಿಯ ದಾರ. ದಾರಿಹೋಕ ಒಂದು ದಮ್ಮು ಎಳೆಯುವ ಆಸೆಗೆ ಬಿದ್ದು ಮೈಲಿಗೆ ಮಾಡಿಕೊಳ್ಳದಿರಲಿ ಅಂತ ಈ ಏರ್ಪಾಡು.

ಗೆಳೆಯರೇ, ಈ ಚರ್ಮದ ತುಂಡನ್ನು ಸ್ವಲ್ಪ ನಿಂತು ನೋಡೋಣ. ಓದು ಬರಹ ಇಲ್ಲದ ಊರಿನಲ್ಲಿ ಎಲ್ಲರೂ ತಪ್ಪಿಲ್ಲದೆ ಓದುತ್ತಿದ್ದ ಅಕ್ಷರ ಅದು. ಶಾಲೆ ಇರಲಿಲ್ಲ, ಆದರೆ ಜಾತಿ ಓದಲು ಪ್ರತಿ ಮಗುವಿಗೂ ಬರುತ್ತಿತ್ತು. ಇನ್ನೊಂದನ್ನೂ ನೋಡಬೇಕು. ಚರ್ಮ ಬೇರೆ, ದಾರ ಬೇರೆ. ಚಮಾರ ಜಾಡಮಾಲಿಯ ಹುಕ್ಕಾ ಮುಟ್ಟುತ್ತಿರಲಿಲ್ಲ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದನ್ನೇ. ಮೇಲಿನವನು ತುಳಿದಾಗ ಅಳುವವನು ಕೆಳಗಿನವನ ಮೇಲೆ ಕಾಲಿಟ್ಟುಕೊಂಡೇ ಅಳುತ್ತಾನೆ. ನಮ್ಮ ಕಡೆ ಹೊಲಗೇರಿ, ಮಾದಿಗರ ಕೇರಿಗಳ ನಡುವೆ ನೀರು, ಊಟ, ಹೆಣ್ಣು ಗಂಡು ಕೊಟ್ಟು ತರುವ ವಿಚಾರದಲ್ಲಿ ಎಳೆದುಕೊಂಡ ಗೆರೆ ಯಾವ ದಾರಕ್ಕೆ ಕಡಿಮೆ? ಮೇಲ್ಜಾತಿಯವರನ್ನು ಬೈದು ಮನೆಗೆ ಹೋಗಿ ಈ ದಾರವನ್ನು ಭದ್ರ ಮಾಡಿಕೊಂಡರೆ ನಮ್ಮ ಚಳವಳಿ ಯಾವ ಊರು ಸೇರುತ್ತೆ?

ಇನ್ನು ತಮಾಷೆ ಕೇಳಿ. ಬೆಂಕಿ ಎಲ್ಲವನ್ನೂ ಶುದ್ಧ ಮಾಡುತ್ತೆ ಅನ್ನೋದು ಪುರೋಹಿತಶಾಹಿಯ ಮಾತು. ಹೋಮಕ್ಕೆ ಬೆಂಕಿ, ಮದುವೆಗೆ ಬೆಂಕಿ, ಹೆಣಕ್ಕೆ ಬೆಂಕಿ. ಕೆಳಜಾತಿಯವನು ಸುಟ್ಟ ಇದ್ದಿಲು ಯಾವ ಮಡಿಯೂ ಇಲ್ಲದೆ ಮೇಲ್ಜಾತಿಯ ಅಗ್ಗಿಷ್ಟಿಕೆಗೆ ಬರುತ್ತೆ. ಅವನ ಬೆವರು ಬಿದ್ದ ಇದ್ದಿಲು ಚಿಲುಮೆಯ ಮೇಲೆ ಕೂರಬಹುದು, ಅದರ ಕಾವಿನಿಂದ ಹುಟ್ಟಿದ ಹೊಗೆ ಜಮೀನ್ದಾರನ ಎದೆಯೊಳಕ್ಕೇ ಇಳಿಯಬಹುದು. ಅವನ ತುಟಿ ಮಾತ್ರ ಕೊಳವೆಗೆ ತಾಗಬಾರದು. ಹಾಗಾದರೆ ಮೈಲಿಗೆ ಇರೋದು ಎಲ್ಲಿ ಸ್ವಾಮಿ? ವಸ್ತುವಿನಲ್ಲಿ ಇಲ್ಲ, ಮೈಯಲ್ಲೂ ಇಲ್ಲ. ಜೊತೆಯಲ್ಲಿ ಕೂರುವುದರಲ್ಲಿದೆ. ದುಡಿಮೆ ಬೇಕು, ದುಡಿದವನು ಪಕ್ಕದಲ್ಲಿ ಕೂರುವುದು ಬೇಡ. ಇಷ್ಟನ್ನು ಮುಚ್ಚಿಡಲು ಅಷ್ಟೊಂದು ಶಾಸ್ತ್ರ ಬೇಕಾಯಿತು.

ಜೊತೆಗೆ ಕೂರಿಸುವ ಅಧಿಕಾರ ಯಾರ ಕೈಲಿದೆಯೋ ಎಬ್ಬಿಸುವ ಅಧಿಕಾರವೂ ಅವರದೇ. ಹಿಂದಿಯಲ್ಲಿ ‘ಹುಕ್ಕಾ-ಪಾನಿ ಬಂದ್’ ಅನ್ನೋ ಮಾತಿದೆ. ಹುಕ್ಕಾ ಇಲ್ಲ, ನೀರಿಲ್ಲ ಅಂತ. ನಾವು ಬಹಿಷ್ಕಾರ ಅನ್ನೋದು ಅದಕ್ಕೇ. ಪಂಚಾಯ್ತಿ ಕಟ್ಟೆ ಮೀರಿದವನನ್ನು, ಬೇರೆ ಜಾತಿಯವಳನ್ನು ಕಟ್ಟಿಕೊಂಡವನನ್ನು ಹೀಗೆ ಹೊರಗೆ ಹಾಕುತ್ತಾರೆ. ತಮ್ಮವನನ್ನೇ ಹೊರಗೆ ಹಾಕಿದರೆ ಈ ಗತಿ. ಹುಕ್ಕಾವನ್ನು ಎಂದೂ ಕೊಡದವನಿಗೆ ಏನನ್ನು ಬಂದ್ ಮಾಡುತ್ತಾರೆ? ಕೂಲಿ ಬಂದ್. ದಿನಸಿ ಅಂಗಡಿ ಬಂದ್. ದನ ಮೇಯಿಸುವ ಜಾಗ ಬಂದ್. ಹೊಲಕ್ಕೆ ಹೋಗುವ ದಾರಿ ಬಂದ್. ಕ್ಷೌರ ಬಂದ್, ಹಿಟ್ಟಿನ ಗಿರಣಿ ಬಂದ್.

ಇದು ನಮ್ಮ ಕಲ್ಪನೆ ಅಲ್ಲ. ಮುಂಬಯಿ ಸರ್ಕಾರ 1928ರಲ್ಲಿ ನೇಮಿಸಿದ ಸ್ಟಾರ್ಟ್ ಸಮಿತಿಯ ವರದಿ 1930ರಲ್ಲಿ ಬಂತು. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಡಾ. ಅಂಬೇಡ್ಕರ್ ಆ ಸಮಿತಿಯ ಸದಸ್ಯರು. ಅಸ್ಪೃಶ್ಯರು ಸಾರ್ವಜನಿಕ ಬಾವಿಯ ನೀರು ಸೇದಿದರು, ಒಳ್ಳೆ ಬಟ್ಟೆ ಒಡವೆ ತೊಟ್ಟರು, ಮದುಮಗನನ್ನು ಕುದುರೆ ಮೇಲೆ ಬೀದಿಯಲ್ಲಿ ಮೆರೆಸಿದರು ಅನ್ನೋ ಕಾರಣಕ್ಕೆ ಇಡೀ ಕೇರಿಗೆ ಬಹಿಷ್ಕಾರ ಹಾಕಿದ ಸಂಗತಿ ಆ ವರದಿಯಲ್ಲಿದೆ. ಬಹುಪಾಲು ಅಸ್ಪೃಶ್ಯರಿಗೆ ಸ್ವಂತ ಭೂಮಿ ಇಲ್ಲ, ಸವರ್ಣೀಯರ ಹೊಲದಲ್ಲೇ ದುಡಿಯಬೇಕು. ಆದ್ದರಿಂದ ದೊಣ್ಣೆ ಏಟಿಗಿಂತ ಈ ಏಟು ಭಯಂಕರ ಅಂತ ಸಮಿತಿ ಕಂಡುಕೊಂಡಿತು. ಅದೇ ವರ್ಷ ಲಂಡನ್ನಿನಲ್ಲಿ ಶುರುವಾದ ದುಂಡುಮೇಜಿನ ಪರಿಷತ್ತಿಗೆ ಅಂಬೇಡ್ಕರ್ ಮತ್ತು ರೆಟ್ಟಮಲೈ ಶ್ರೀನಿವಾಸನ್ ಕೊಟ್ಟ ಬೇಡಿಕೆಗಳಲ್ಲಿ ಬಹಿಷ್ಕಾರ ಹಾಕುವುದೂ, ಹಾಕಲು ಎತ್ತಿಕಟ್ಟುವುದೂ, ಹಾಕ್ತೀವಿ ಅಂತ ಬೆದರಿಸುವುದೂ ಅಪರಾಧ ಆಗಬೇಕು ಅನ್ನೋದಿತ್ತು. ಅದಕ್ಕೆ ಅವರು ಮಾದರಿ ಮಾಡಿಕೊಂಡದ್ದು ಬರ್ಮಾದಲ್ಲಿ 1922ರಲ್ಲಿ ಬಂದಿದ್ದ ಬಹಿಷ್ಕಾರ ವಿರೋಧಿ ಕಾನೂನನ್ನು. ಬಿಳಿಯರ ಸರ್ಕಾರ ತನಗೆ ಬೇಕಾದಾಗ ಮಾಡಿಕೊಂಡ ಕಾನೂನನ್ನು ತೋರಿಸಿ, ನಮಗೂ ಕೊಡಿ ಅಂತ ಕೇಳಿದ ಜಾಣತನ ನೋಡಿ.

ಆ ಬೇಡಿಕೆ ಎಷ್ಟು ಕಾಲ ಕಾಯಿತು? 1950ರಲ್ಲಿ ಸಂವಿಧಾನದ 17ನೇ ವಿಧಿ ಬಂತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು, 1976ರಲ್ಲಿ ಅದರ ಹೆಸರು ಬದಲಾಯಿತು. 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ. ದಲಿತರಿಗೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು, ಬೆದರಿಸುವುದು ದೌರ್ಜನ್ಯ ಅಂತ ಆ ಕಾಯಿದೆಯೊಳಗೆ ಬಾಯಿಬಿಟ್ಟು ಹೇಳಿದ್ದು 2015ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು 2016ರ ಜನವರಿ 26ಕ್ಕೆ. ಲಂಡನ್ನಿನಲ್ಲಿ ಇಟ್ಟ ಬೇಡಿಕೆ ದೌರ್ಜನ್ಯ ಕಾಯಿದೆಯ ಪುಟಕ್ಕೆ ಬರಲು ಎಂಬತ್ತೈದು ವರ್ಷ. ಪುಟದಿಂದ ಪೊಲೀಸ್ ಠಾಣೆಗೆ ಬರಲು ಇನ್ನೆಷ್ಟು ಅನ್ನೋದು ದೂರು ಕೊಡಲು ಹೋದವರಿಗೆ ಗೊತ್ತು.

ಈಗ ಕರಟದ ಮಾತು. ಹುಕ್ಕಾಕ್ಕೆ ಅರಬ್ಬರು, ತುರ್ಕರು ನಾರ್ಗಿಲೆ ಅಂತಾರೆ. ಪಾರಸಿಯಲ್ಲಿ ನಾರ್ಗಿಲ್ ಅಂದರೆ ತೆಂಗಿನಕಾಯಿ. ನಮ್ಮ ನಾರಿಕೇಳವೇ ಅದರ ಬೇರು. ಬಡವರ ಹುಕ್ಕಾದಲ್ಲಿ ನೀರು ತುಂಬುವ ಬುಂಡೆ ತೆಂಗಿನ ಚಿಪ್ಪೇ ಆಗಿತ್ತು, ಆ ಚಿಪ್ಪಿನ ಹೆಸರೇ ನಿಂತಿತು. ಅದೇ ಚಿಪ್ಪು ನಮ್ಮ ಹಳ್ಳಿಯಲ್ಲಿ ಏನಾಗಿತ್ತು ಅಂತ ಕೇರಿಯ ಯಾವ ಹಿರೀಕರನ್ನಾದರೂ ಕೇಳಿ. ಗೌಡರ ಮನೆ ಹಿತ್ತಲಲ್ಲಿ, ಹೋಟ್ಲಿನ ಹೊರಗೆ, ಕಾಫಿಯನ್ನೋ ಟೀಯನ್ನೋ ಮೇಲಿಂದ ಹೊಯ್ಯಿಸಿಕೊಂಡು ಕುಡಿದದ್ದು ಕರಟದಲ್ಲಿ. ಆಮೇಲೆ ಕರಟ ಹೋಗಿ ಬೇರೆ ಲೋಟ ಬಂತು, ಲೋಟ ಹೋಗಿ ಪ್ಲಾಸ್ಟಿಕ್ಕಿನ ಲೋಟ ಬಂತು. ಒಂದೇ ಚಿಪ್ಪು ದೊರೆಯ ಕೈಯಲ್ಲಿ ಶೋಕಿ, ಹೊಲೆಯನ ಕೈಯಲ್ಲಿ ಮೈಲಿಗೆ. ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಅದೇ ಕರಟವನ್ನು ಇವತ್ತು ಸುಟ್ಟು ಇದ್ದಿಲು ಮಾಡುತ್ತಾರೆ. ನೂರು ಕಿಲೋ ಕರಟ ಸುಟ್ಟರೆ ಮೂವತ್ತು ಕಿಲೋ ಇದ್ದಿಲು ಬಂದರೆ ಹೆಚ್ಚು. ಕರಟದ ಇದ್ದಿಲನ್ನು ಚೌಕ ಚೌಕ ಅಚ್ಚು ಒತ್ತಿ, ‘ನೈಸರ್ಗಿಕ’ ಅಂತ ಹೆಸರಿಟ್ಟು, ಹುಕ್ಕಾ ಸೇದುವ ಮನೆಗಳಿಗೆ ಮಾರುವ ವ್ಯಾಪಾರ ಲೋಕದ ತುಂಬ ಇದೆ.

ನಿಸರ್ಗ ತಾನಾಗಿ ಇದ್ದಿಲಾಗಲ್ಲ. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿ ಕಡಿದು ಇದ್ದಿಲು ಸುಡುವವರನ್ನು ನೋಡಿ. ಮುಳ್ಳು ಕಡಿದು, ಕೊರಡು ಒಟ್ಟಿ, ಮೇಲೆ ಹಸಿ ಸೊಪ್ಪು ಮಣ್ಣು ಮುಚ್ಚಿ ಬೆಂಕಿ ಇಟ್ಟು ದಿನಗಟ್ಟಲೆ ಕಾಯುತ್ತಾರೆ. ರಾತ್ರಿ ಎದ್ದು ಎದ್ದು ನೋಡಬೇಕು. ಎಲ್ಲಾದರೂ ಮಣ್ಣು ಬಿರಿದು ಗಾಳಿ ನುಗ್ಗಿದರೆ ಇದ್ದಿಲಾಗಬೇಕಾದ್ದು ಬೂದಿ. ಹೀಗೆ ಸುಟ್ಟರೆ ಐದಾರು ಕಿಲೋ ಕಟ್ಟಿಗೆಗೆ ಒಂದು ಕಿಲೋ ಇದ್ದಿಲು. ಪಕ್ಕದ ತಮಿಳುನಾಡಿನಲ್ಲಿ ಮುಂಗಡ ಹಣದ ಸಾಲಕ್ಕೆ ಸಿಕ್ಕಿಬಿದ್ದು ಮರ ಕಡಿಯುವ, ಇದ್ದಿಲು ಸುಡುವ ಜೀತದಲ್ಲಿದ್ದ ಇರುಳರ ಕುಟುಂಬಗಳನ್ನು ಅಧಿಕಾರಿಗಳು ಬಿಡಿಸಿದ ಪ್ರಕರಣಗಳು ಎಷ್ಟೋ ಇವೆ. ಜೀತ ರದ್ದಾದದ್ದು 1976ರಲ್ಲಿ ಅಂತ ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ.

ಒಂದು ಮಾತು ಸ್ಪಷ್ಟ ಮಾಡಿಬಿಡೋಣ. ನಮಗೂ ಹುಕ್ಕಾ ಕೊಡಿ ಅಂತ ನಾವು ಕೇಳುತ್ತಿಲ್ಲ. ಹೊಗೆ ನೀರಲ್ಲಿ ತೊಳೆದು ಬರುತ್ತೆ ಅನ್ನೋದು ಬೊಗಳೆ. ಒಂದು ಬೈಠಕ್ಕಿನಲ್ಲಿ ನೂರು ಸಿಗರೇಟಿನಷ್ಟು ಹೊಗೆ ಒಳಗೆ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಅಂಟಿಕೊಳ್ಳುತ್ತೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹಚ್ಚಿದರೆ ಮಲಗಿದವರು ಮಲಗಿದ ಹಾಗೇ ಸಾಯುತ್ತಾರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಜನರ ಆರೋಗ್ಯದ ಹೆಸರಿನಲ್ಲಿ ಹುಕ್ಕಾದ ಮಾರಾಟ, ಸೇವನೆ, ದಾಸ್ತಾನು ನಿಷೇಧಿಸಿತು. ಸರಿಯೇ. ಸೇದುವವರ ಪುಪ್ಪುಸದ ಬಗ್ಗೆ ಚಿಂತೆ ಮಾಡಿದ ಹಾಗೆ ಇದ್ದಿಲ ಗೂಡಿನ ಬಾಯಲ್ಲಿ ಅದೇ ವಿಷಗಾಳಿ ಕುಡಿಯುವ ಕೂಲಿಯವರ ಪುಪ್ಪುಸಕ್ಕೂ ಒಂದು ಆದೇಶ ಬರಲಿ ಅನ್ನೋದು ನಮ್ಮ ಮಾತು.

ಹುಕ್ಕಾ ಹೋಗಬಹುದು. ಅದರ ಸುತ್ತ ಕೂತಿದ್ದ ವೃತ್ತ ಹೋಗಿಲ್ಲ. ಅದು ಹೋಟ್ಲಿನ ಲೋಟದಲ್ಲಿದೆ, ಗುಡಿಯ ಹೊಸ್ತಿಲಲ್ಲಿದೆ, ಶಾಲೆಯ ಬಿಸಿಯೂಟದ ಪಂಕ್ತಿಯಲ್ಲಿದೆ. ವೃತ್ತ ಒಡೆದವರೂ ನಮ್ಮಲ್ಲಿದ್ದರು. ಶಿಶುನಾಳದ ಶರೀಫರು (1819-1889) ಗುಡುಗುಡಿಯ ಮೇಲೆಯೇ ಪದ ಕಟ್ಟಿ ಹಾಡಿದವರು. ಬ್ರಾಹ್ಮಣ ಗೋವಿಂದಭಟ್ಟರು ಮುಸಲ್ಮಾನ ಶರೀಫರನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದಕ್ಕೆ ಇಬ್ಬರ ಕಡೆಯವರೂ ಸಿಡಿದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಅವರು ಎದ್ದು ಹೋಗಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ನಮ್ಮದೊಂದು ಕೋರಿಕೆ. ನಿಮ್ಮ ತಾಲ್ಲೂಕಿನಲ್ಲಿ ಇದ್ದಿಲು ಸುಟ್ಟವರು, ಸುಡುವವರು ಯಾರು ಅಂತ ಹೋಗಿ ಕೇಳಿ. ಮುಂಗಡ ಎಷ್ಟು ಕೊಟ್ಟರು, ಮೂಟೆಗೆ ಎಷ್ಟು ಸಿಕ್ಕಿತು, ಯಾರ ಹಿತ್ತಲಲ್ಲಿ ಕರಟ ಹಿಡಿದರು ಅಂತ ಅವರ ಬಾಯಿಂದಲೇ ಕೇಳಿ, ಅವರ ಮಾತಲ್ಲೇ ಬರೆದಿಡಿ. ನಿಮ್ಮ ಕೇರಿಯೊಳಗೆ ಯಾವ ಮನೆಯ ನೀರು ಯಾವ ಮನೆಗೆ ಆಗಲ್ಲ ಅನ್ನೋದನ್ನೂ ಮುಚ್ಚುಮರೆ ಇಲ್ಲದೆ ಬರೆಯಿರಿ. ಬಹಿಷ್ಕಾರ ಬಿದ್ದ ಕೇರಿ ಇದ್ದರೆ 2015ರ ತಿದ್ದುಪಡಿಯನ್ನು ಕೈಯಲ್ಲಿ ಹಿಡಿದು ಐದಾರು ಜನ ಒಟ್ಟಿಗೆ ಠಾಣೆಗೆ ಹೋಗಿ, ದೂರಿನ ಪ್ರತಿ ಇಸಕೊಂಡೇ ಬನ್ನಿ. ಕೊಳವೆ ಹಿಡಿದವರ ಚರಿತ್ರೆ ಬರೆಯಲು ಆಸ್ಥಾನದಲ್ಲಿ ಜನ ಇದ್ದರು. ಕೆಂಡ ಹಿಡಿದವರದನ್ನು ನಾವೇ ಬರೆಯಬೇಕು.